ಒಡೆಯುವ ಮುನ್ನ ಒಂದು ಗುರುತು

ವಿಜಯವಾಡ
9 ಡಿಸೆಂಬರ್ 2025

ಪ್ರೀತಿಯ ಹರ್ಷಿತಾ,

ನಿನ್ನ ಮೆಸೇಜು ಬಂದು ವಾರವಾಗುತ್ತಾ ಬಂದರೂ ಉತ್ತರ ಕೊಡದೆ ಕೂತಿದ್ದಕ್ಕೆ ಬೈಯಬೇಡ. ಆಸ್ಪತ್ರೆಯ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ, ಅದಕ್ಕೇ ಕಾಗದ. ನನಗೇನೂ ಆಗಿಲ್ಲ, ಗಾಬರಿಯಾಗಬೇಡ.

ಮೊದಲು ನಿನ್ನ ಸುದ್ದಿ. ವಿಶಾಖಪಟ್ಟಣದ ಆ ಸೋರುವ ಕೋಣೆಯಲ್ಲಿ ನಾವಿಬ್ಬರೂ ಕೂತು ಹಾಕಿದ ಲೆಕ್ಕ ಕೊನೆಗೂ ಫಲಿಸಿತಲ್ಲೇ! ಯಾರೂ ಕಂಡಿರದ ಅತಿಭಾರದ ನ್ಯೂಕ್ಲಿಯಸ್ಸು. ಅದು ಒಡೆಯುವಾಗ ಎರಡು ಹೋಳಾಗುವುದಿಲ್ಲ, ಆಲ್ಫಾ ಕಣ ಉಗುಳಿ ಹಗುರಾಗುತ್ತದೆ ಎಂದು ನಾವು ಹೇಳಿದಾಗ ಎಷ್ಟು ಜನ ನಕ್ಕಿದ್ದರು. ಈಗ ವಿದೇಶದ ಪ್ರಯೋಗಾಲಯದವರು ಅದನ್ನು ಸೃಷ್ಟಿಸಿ, ನಾವು ಹೇಳಿದ ಹಾದಿಯನ್ನೇ ಹಿಡಿಯಿತು ಎಂದಿದ್ದಾರೆ. ನೀನು ದುವ್ವಾಡದಿಂದ ದಿನಾ ಟ್ರೈನಿನಲ್ಲಿ ನೇತಾಡಿಕೊಂಡು ಬಂದದ್ದು ಸಾರ್ಥಕವಾಯಿತು. ನನಗೂ ಖುಷಿಯೇ. ಅದನ್ನು ಅನುಭವಿಸಲು ಆಗುತ್ತಿಲ್ಲ, ಅಷ್ಟೆ.

ನಾನು ಪಾಠ ಮಾಡುವ ಕೋಚಿಂಗ್ ಕಾಲೇಜಿನ ಹುಡುಗಿ ಸಾಯಿಪ್ರಿಯಾ ಸಾಯಲು ಹೊರಟಿದ್ದಳು. ಗುರುವಾರ ಬೆಳಿಗ್ಗೆ ಹಾಸ್ಟೆಲಿನಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಳಂತೆ. ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರ ಮಗಳು. ರ‍್ಯಾಂಕಿನಲ್ಲಿ ಹಿಂದಿರಲಿಲ್ಲ, ಮಂಕಾಗಿಯೂ ಕೂರುತ್ತಿರಲಿಲ್ಲ. ನನ್ನ ತೆಲುಗನ್ನು ಅಣಕಿಸಿ ಇಡೀ ಬೆಂಚನ್ನು ನಗಿಸುತ್ತಿದ್ದಳು. ಇನ್ನೂ ಕಣ್ಣು ಬಿಟ್ಟಿಲ್ಲ. ಡಾಕ್ಟರನ್ನು ಕೇಳಿದರೆ “ಈಗಲೇ ಏನೂ ಹೇಳೋಕಾಗಲ್ಲ” ಎನ್ನುತ್ತಾರೆ.

ನಮ್ಮ ಪ್ರಿನ್ಸಿಪಾಲರ ಕಥೆ ಕೇಳು. ಮರುದಿನವೇ ಕರೆಸಿ, “ಯಾವುದು ಹೇಗೆ ಒಡೆಯುತ್ತೆ ಅಂತಾನೇ ಅಲ್ವಾ ಮೇಡಂ ನಿಮ್ಮ ಪಿಎಚ್‌ಡಿ? ಇನ್ಯಾರು ಹೀಗೆ ಮಾಡ್ಕೋಬಹುದು ಅಂತ ಡೌಟಿದೆ, ಸಾಯಂಕಾಲದೊಳಗೆ ಹೆಸರು ಕೊಡಿ” ಎಂದರು.

“ಸರ್, ನ್ಯೂಕ್ಲಿಯಸ್ಸುಗಳ ರಾಶಿಯಲ್ಲಿ ಅರ್ಧ ಎಷ್ಟು ಹೊತ್ತಿಗೆ ಒಡೆಯುತ್ತೆ ಅಂತ ಹೇಳಬಹುದು. ಇದೇ ಒಂದು ಯಾವಾಗ ಅಂತ ಹೇಳೋಕೆ ಯಾರಿಂದಲೂ ಆಗಲ್ಲ” ಎಂದೆ.

“ರಾಶಿಗೇನು ಕಮ್ಮಿ? ಸಾವಿರದೈನೂರು ಮಕ್ಕಳಿದ್ದಾರಲ್ಲ” ಎಂದರು ಪುಣ್ಯಾತ್ಮರು.

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಹೋಗಿ ಪಾಠ ಮಾಡಿದೆ. ಈಗ ತರಗತಿಗೆ ಹೋದಾಗಲೆಲ್ಲ ಒಂದೊಂದೇ ಮುಖವನ್ನು ಹುಡುಕಿ ಹುಡುಕಿ ನೋಡುತ್ತೇನೆ. ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ ಕಣೆ. ನನಗೆ ಭಯವಾಗುತ್ತದೆ.

ಸ್ವಲ್ಪ ಹೊತ್ತಿನ ಮುಂಚೆ ಅವಳ ಅಪ್ಪ ನನಗೂ ಒಂದು ಟೀ ತಂದುಕೊಟ್ಟು ಪಕ್ಕದಲ್ಲಿ ಕೂತರು. “ಮೇಡಂ ಗಾರು, ನೀವು ದಿನಾ ನೋಡೋರು. ಮೊದಲೇ ಏನಾದ್ರೂ ಗೊತ್ತಾಯ್ತಾ ಅಮ್ಮಾ?” ಎಂದರು. “ಲೇದಂಡಿ, ಏನೂ ಗೊತ್ತಾಗಲಿಲ್ಲ” ಎಂದೆ. ತಲೆಯಾಡಿಸಿ, ನನ್ನ ಖಾಲಿ ಕಪ್ಪನ್ನೂ ತಾವೇ ಎತ್ತಿಕೊಂಡು ಹೋದರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನೀನು ಗೆದ್ದ ಹೊತ್ತಿನಲ್ಲಿ ಇದನ್ನೆಲ್ಲ ಬರೆದೆ, ಕ್ಷಮಿಸು. ಸಿಂಹಾಚಲದ ದೇವಸ್ಥಾನಕ್ಕೆ ಹೋದರೆ ಈ ಹುಡುಗಿಯ ಹೆಸರಿನಲ್ಲಿ ಒಂದು ಸಲ ಕೈಮುಗಿ. ಲೆಕ್ಕ ಹಾಕುವವಳ ಬಾಯಲ್ಲಿ ಇಂಥ ಮಾತೇ ಎಂದು ನಗು ಬಂದರೆ ನಕ್ಕುಬಿಡು, ಆದರೆ ಕೈಮುಗಿ. ನಿನ್ನ ಹೊಟ್ಟೆ ತಣ್ಣಗಿರಲಿ, ಮುಂದಿನ ಲೆಕ್ಕವೂ ನಿನ್ನ ಕೈಹಿಡಿಯಲಿ.

ನಿನ್ನವಳೇ ಆದ
ಅಕ್ಷಯಾ

ತಾ.ಕ.: ಅವಳ ಅಪ್ಪನಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ನಿನ್ನ ಮೆಸೇಜು ಬಂದದ್ದು ಬುಧವಾರ. ಜಂಬ ತಡೆಯಲಾರದೆ ಅಂದೇ ತರಗತಿಯಲ್ಲಿ ನಮ್ಮ ನ್ಯೂಕ್ಲಿಯಸ್ಸಿನ ಕಥೆ ಹೇಳಿದೆ. ಬೆಲ್ ಆದ ಮೇಲೆ ಸಾಯಿಪ್ರಿಯಾ ಒಬ್ಬಳೇ ಮೇಜಿನ ಹತ್ತಿರ ಬಂದು, “ಒಡೆಯೋಕೆ ಮುಂಚೆ ಅದರಲ್ಲಿ ಏನಾದ್ರೂ ಗುರುತು ಕಾಣುತ್ತಾ ಮೇಡಂ? ನೋಡೋರಿಗೆ ಗೊತ್ತಾಗುತ್ತಾ?” ಎಂದು ಕೇಳಿದಳು. “ಇಲ್ಲಮ್ಮಾ, ಕೊನೇ ಗಳಿಗೆವರೆಗೂ ಮಾಮೂಲಿ ಥರಾನೇ ಇರುತ್ತೆ” ಎಂದೆ. ಒಳ್ಳೇ ಪ್ರಶ್ನೆ ಎಂದು ಬೆನ್ನು ತಟ್ಟಿ ಕಳಿಸಿದೆ. ಹರ್ಷಿತಾ, ನನ್ನ ಉತ್ತರ ಸರಿಯಾಗಿಯೇ ಇತ್ತಲ್ಲವೇನೆ?