ಎಡ್ವಿನ್ ಕಟ್ಟಿದ ಗಂಟು

ಅಕ್ಟೋಬರ್ 6, ಭಾನುವಾರ

ದೋಣಿಯ ಚಿಕ್ಕ ಹಾಯಿ ತೊಳೆದಾಯಿತು. ಮಳೆನೀರಿನ ಪೀಪಾಯಿ ಅರ್ಧ ಖಾಲಿ. ಉಪ್ಪು ಉಳಿದರೆ ಬಟ್ಟೆ ಚಳಿಗಾಲವಿಡೀ ತೇವ ಎಳೆದುಕೊಳ್ಳುತ್ತದೆ... ಅದಕ್ಕೇ ಎರಡು ಸಲ ತೊಳೆದೆ. ದೋಣಿಮನೆಯ ಜಂತೆಗೆ ನೇತುಹಾಕಿದ್ದೇನೆ, ಇಲಿಗೆ ಎಟುಕದಂತೆ.

ದೊಡ್ಡ ಹಾಯಿ ಇನ್ನೂ ದೋಣಿಯಲ್ಲೇ. ತೆಗೆಯಲು ಹೋದರೆ ಗುಡ್ರುನ್ ದೋಣಿ ಕಟ್ಟುವ ಜೆಟ್ಟಿಯ ಮೇಲೆ ಅಡ್ಡ ನಿಂತಳು.

"ಅದನ್ನ ಮುಟ್ಬೇಡ."

"ಒದ್ದೆ ಇದೆ ಕಣೆ. ಹತ್ತಿ ಬಟ್ಟೆ. ಹೀಗೇ ಬಿಟ್ರೆ ಕೊಳೆಯುತ್ತೆ."

"ಕೊಳೀಲಿ. ಆ ಗಂಟು ಅವನು ಕಟ್ಟಿದ್ದು."

ಹೆಂಡತಿಗೆ ಏನು ಹೇಳಲಿ? ಗಾಳಿ ಜೋರಾದರೆ ಹಾಯಿಯ ಕೆಳಭಾಗ ಮಡಚಿ, ಸಾಲಾಗಿ ದಾರ ಕಟ್ಟಿ ಚಿಕ್ಕದು ಮಾಡುತ್ತೇವೆ. ಸೆಪ್ಟೆಂಬರಿನ ಆ ಮಧ್ಯಾಹ್ನ ಒಬ್ಬನೇ ಹೋದ ನಮ್ಮ ಮಗ ಎಡ್ವಿನ್ ಕೂಡ ಹಾಗೇ ಮಾಡಿದ್ದಾನೆ. ಒಂದೊಂದು ಗಂಟೂ ಅಚ್ಚುಕಟ್ಟು. ಆಮೇಲೆ ಏನಾಯಿತೋ. ದೋಣಿ ಬಂಡೆಗಳ ನಡುವೆ ಸಿಕ್ಕಿತು. ಎಡ್ವಿನ್ ಸಿಗಲಿಲ್ಲ. ಕೋಸ್ಟ್ ಗಾರ್ಡಿನವರು ಹುಡುಕುವುದನ್ನು ನಿಲ್ಲಿಸಿದರು. ಇವಳು ನಿಲ್ಲಿಸಿಲ್ಲ.

ಅಕ್ಟೋಬರ್ 11

ಪಕ್ಕದ ಮನೆಯ ತಾಗೆ ಬಂದಿದ್ದ. ಚಳಿಗಾಲಕ್ಕೆ ಮುಂಚೆ ಊರಿನ ದೋಣಿಗಳನ್ನು ದಡಕ್ಕೆ ಎಳೆಯುವವನು ಅವನೇ.

"ರೂನಾರ್, ಎಲ್ಲಾರ್ದೂ ಮೇಲೆ ಬಂತು. ನಿಂದೊಂದು ಬಾತುಕೋಳಿ ಥರ ನೀರಲ್ಲೇ ಕೂತಿದೆ."

"ಗುಡ್ರುನ್ ಬೇಡ ಅಂತಾಳೆ."

"ಅವಳಿಗೆ ಹೇಳೋ ಧೈರ್ಯ ನಿಂಗಿಲ್ಲ ಅನ್ನು."

"ನಿಂಗಿದ್ರೆ ಒಳಗೆ ಹೋಗಿ ಹೇಳು ಮಾರಾಯ. ಕಾಫಿ ಕಾಯಿಸ್ತಿದ್ದಾಳೆ."

ಹೋದ. ಎರಡು ಕಪ್ ಕಾಫಿ ಕುಡಿದ, ನಮ್ಮ ಬೆಕ್ಕಿನ ಕ್ಷೇಮ ವಿಚಾರಿಸಿದ, ಹೊರಗೆ ಬಂದ. ನನ್ನ ಕಡೆ ನೋಡದೆ ಹೊರಟುಹೋದ. ನಗು ಬಂತು — ಬಹಳ ದಿನದ ಮೇಲೆ. ಪಾಪ, ಖಾಲಿ ದೋಣಿಯನ್ನು ಮೊದಲು ಕಂಡವನೂ ಅವನೇ. ಅಂದಿನಿಂದ ಅವನ ನಿದ್ದೆಯೂ ಕೆಟ್ಟಿದೆಯಂತೆ.

ಅಕ್ಟೋಬರ್ 19

ಮಳೆ. ಗುಡ್ರುನ್ ಪ್ಲಾಸ್ಟಿಕ್ ಟಾರ್ಪಾಲು ತಂದು ಹಾಯಿಯ ಮೇಲೆ ಹೊದಿಸಿದಳು. ಮಗುವಿಗೆ ಹೊದಿಸುವ ಹಾಗೆ ಅಂಚುಗಳನ್ನೆಲ್ಲ ಒಳಗೆ ಸೇರಿಸಿದಳು. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಹೊದಿಸಬಾರದು, ಒಳಗೇ ಬೆವರುತ್ತದೆ. ನನಗೆ ಗೊತ್ತು. ಹೇಳಲು ಬಾಯಿ ಬರಲಿಲ್ಲ. ಅವಳು ಅಷ್ಟು ಜೋಪಾನ ಮಾಡುತ್ತಿದ್ದಳು.

ನವೆಂಬರ್ 2, ಶನಿವಾರ

ಸಂತರ ದಿನ, ಸತ್ತವರನ್ನು ನೆನೆಯುವ ಹಬ್ಬ. ಸಮಾಧಿಗಳ ಮೇಲೆಲ್ಲ ಮೇಣದಬತ್ತಿ. ನಮಗೆ ಸಮಾಧಿಯಿಲ್ಲ. ಸಮುದ್ರದಲ್ಲಿ ಹೋದವರಿಗೆಂದು ಸ್ಮಶಾನದ ಗೋಡೆಯ ಹತ್ತಿರ ಒಂದು ಕಲ್ಲಿದೆ, ಅಲ್ಲಿ ನಿಂತೆವು. ಬೆಂಕಿಪೊಟ್ಟಣ ಕೊಟ್ಟೆ. ಗುಡ್ರುನ್ ಮೇಣದಬತ್ತಿಯನ್ನು ಕೋಟಿನ ಜೇಬಿಗೆ ವಾಪಸ್ ಹಾಕಿಕೊಂಡಳು.

"ಇದು ಸತ್ತೋರಿಗೆ."

"ಹ್ಞೂ."

"ಹಾಯಿ ಇನ್ನೂ ಕಟ್ಟೇ ಇದೆ, ರೂನಾರ್."

ಈಗ ಅರ್ಥವಾಯಿತು. ಆ ಗಂಟು ಇರುವವರೆಗೆ ಅವಳ ಲೆಕ್ಕದಲ್ಲಿ ಅವನು ಇನ್ನೂ ಸಮುದ್ರದ ಮೇಲಿದ್ದಾನೆ. ನಾನು ಬಿಚ್ಚಿದರೆ ಅವನನ್ನು ಕೊಂದವನು ನಾನೇ.

ನವೆಂಬರ್ 7

ರಾತ್ರಿ ನೀರು ಹೆಪ್ಪುಗಟ್ಟಿದೆ. ದಡದಂಚಿಗೆ ತೆಳ್ಳಗೆ ಮಂಜುಗಡ್ಡೆ. ಇನ್ನು ದೋಣಿ ನೀರಲ್ಲಿ ಇರುವಂತಿಲ್ಲ. ಟಾರ್ಪಾಲು ಎತ್ತಿದೆ — ನೆಲಮಾಳಿಗೆಯ ವಾಸನೆ. ಕಪ್ಪು ಬೂಷ್ಟು. ಎಲ್ಲಕ್ಕಿಂತ ಹೆಚ್ಚು ಗಂಟುಗಳ ಸುತ್ತಲೇ.

ಅವಳನ್ನು ಕರೆದೆ. ಹೆಬ್ಬೆರಳಿಂದ ಒರೆಸಿ ನೋಡಿದಳು. ಹೋಗಲಿಲ್ಲ.

"ನಾನೇ ಮಾಡಿದ್ನಾ ಇದನ್ನ?"

"ನಾನೂ ಸುಮ್ನಿದ್ದೆ."

"ಅವನು ಕಟ್ಟಿದ್ದು ಹಾಳಾಯ್ತಲ್ಲೋ..."

ಬಿಚ್ಚಲು ಕೈ ಹಾಕಿದೆ. ತಳ್ಳಿದಳು.

"ನೀನು ಬೇಡ. ನಾನೇ ಬಿಚ್ತೀನಿ."

ದಾರ ನೀರು ಕುಡಿದು ಉಬ್ಬಿತ್ತು. ಗಂಟು ಸಡಿಲಿಸುವ ಮೊನೆಯ ಕಬ್ಬಿಣ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಉಗುರಿನಿಂದ, ಕೆಲವನ್ನು ಹಲ್ಲಿನಿಂದ ಬಿಚ್ಚಿದಳು. ಕೊನೆಯದನ್ನು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಅದೂ ಬಿಚ್ಚಿದಾಗ ಮಡಚಿದ್ದ ಬಟ್ಟೆ ಜಾರಿ ಅವಳ ಮಡಿಲಿಗೆ ಬಿತ್ತು. ಆಗ ಅತ್ತಳು. ಸೆಪ್ಟೆಂಬರಿನಿಂದ ಇದೇ ಮೊದಲು. ನಾನೂ ಅತ್ತೆ, ಗಂಡಸು ಎಂಬ ನಾಚಿಕೆ ಬಿಟ್ಟು.

ನವೆಂಬರ್ 16

ಇಷ್ಟು ದಿನ ಬರೆಯಲಾಗಲಿಲ್ಲ. ತಾಗೆ ದೋಣಿಯನ್ನು ಮೇಲೆ ಎಳೆದುಕೊಟ್ಟ. ಹಾಯಿಯನ್ನು ಸೌನಾದ ಹಬೆಕೋಣೆಯಲ್ಲಿ ತೊಟ್ಟಿಗೆ ಹಾಕಿ, ಉಗುರುಬೆಚ್ಚಗಿನ ನೀರು ತುಂಬಿ, ಇಬ್ಬರೂ ಬರಿಗಾಲಲ್ಲಿ ತುಳಿದು ತೊಳೆದೆವು. ಕಲೆ ಪೂರ್ತಿ ಹೋಗಿಲ್ಲ. ಒಣಗಿದ್ದು ನಿನ್ನೆ.

ದೊಡ್ಡ ಹಾಯಿ ಮಡಚಲು ಇಬ್ಬರು ಬೇಕು. ಗುಡ್ರುನ್ ಆಚೆ ತುದಿಗೆ ಹೋಗಿ ನಿಂತಳು.

"ಹೆಂಗೆ ಹಿಡೀಲಿ?"

"ಬಿಗಿಯಾಗಿ. ನಾನು ಎಳೆದಾಗ ನೀನೂ ಎಳಿ."

"ಸೊಟ್ಟ ಬಂತು ನೋಡು."

"ನಿನ್ನ ಕಡೆ ಸೊಟ್ಟ."

"ನಿನ್ನ ಕಣ್ಣೇ ಸೊಟ್ಟ!"

ಮೂರು ಸಲ ಬಿಚ್ಚಿ ಮತ್ತೆ ಮಡಚಿದೆವು. ಚೀಲಕ್ಕೆ ಹಾಕುವಾಗ ಕೇಳಿದಳು, "ಇದೇ ಜಾಗದಲ್ಲಿ ಪ್ರತಿ ವರ್ಷ ಮಡಚಿದ್ರೆ ಬಟ್ಟೆ ಸೀಳುತ್ತೆ ಅಲ್ವಾ? ಬರೆದಿಟ್ಟುಕೋ."

ಸರಿ. ಈ ವರ್ಷ: ಮೊದಲ ಮಡಿಕೆ ಕೆಳ ಅಂಚಿನಿಂದ ಎರಡು ಮೊಳ, ಉಳಿದವು ಅದರ ಮೇಲೆ ಅಷ್ಟಷ್ಟೇ. ಹೋದ ವರ್ಷದ್ದು ಒಂದೂವರೆ ಇತ್ತೇನೋ, ಸರಿಯಾಗಿ ನೆನಪಿಲ್ಲ. ಆಗ ಆಚೆ ತುದಿ ಹಿಡಿದವನು ಎಡ್ವಿನ್. ಅವನನ್ನೇ ಕೇಳಿ—