ಗೇಟಿನ ಬಳಿ ಮೈಮೂನಾಳ ತಂದೆ

ಸಿಸ್ಟರ್ ಒಲಿಂಪಿಯಾ,

ನೀವು ತೀರಿಕೊಂಡ ಸುದ್ದಿ ಜಿದ್ದಾ ತಲುಪಿ ವರ್ಷವಾಯಿತು; ಆದರೂ ಇದನ್ನು ನಿಮಗೇ ಹೇಳಬೇಕು.

ಇವತ್ತು ಇಲ್ಲಿನ ಭಾರತೀಯ ಶಾಲೆಯ ನನ್ನ ತರಗತಿಯಲ್ಲಿ, ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಮಹಿಳಾ ಕಾಲೇಜು ಕಟ್ಟಿದ ಪ್ರಿನ್ಸಿಪಾಲರ ಕತೆ ಹೇಳಿದೆ. ಆಗ ಗಂಡಸರು ಪಾಠ ಮಾಡುವಾಗ ಹುಡುಗಿಯರ ಕಾವಲಿಗೆಂದು ಒಬ್ಬ ಹೆಂಗಸು ತರಗತಿಯಲ್ಲೇ ಹೆಣಿಗೆ ಹಾಕುತ್ತ ಕೂರುತ್ತಿದ್ದಳಂತೆ.

"ನಮ್ಮ ಉಮ್ಮನೂ ಬಂದು ಕೂರ್ಲಿ ಟೀಚರ್, ಎಂತ ತೊಂದರೆ?" ಎಂದು ಮೈಮೂನಾ ನಕ್ಕಳು. ಆಮೇಲೆ ಮೆಲ್ಲಗೆ, "ಪರೀಕ್ಷೆ ಆದ ಕೂಡ್ಲೆ ನಂಗೆ ಮದುವೆಯಂತೆ. ಕಾಲೇಜಿಗೆ ಕಳಿಸ್ಲಿಕ್ಕೆ ಅಬ್ಬನಿಗೆ ನೀವು ಹೇಳಿ" ಎಂದಳು.

ನನ್ನನ್ನು ಮುಂದೆ ಓದಿಸಿ ಎಂದು ಕೇಳಲು, ಆಗ ನನ್ನ ಟೀಚರಾಗಿದ್ದ ನೀವು ನಮ್ಮ ಮನೆಗೆ ಬಂದು ಕೂತವರು, ಅಪ್ಪ ಒಪ್ಪುವವರೆಗೂ ಎದ್ದಿರಲಿಲ್ಲ.

ಶಾಲೆ ಬಿಟ್ಟಾಗ ಅವಳ ತಂದೆಯೇ ಗೇಟಿನಲ್ಲಿ ಸಿಕ್ಕಿ, "ಹೇಗೆ ಓದ್ತಾಳೆ ಟೀಚರ್?" ಎಂದರು.

"ಒಳ್ಳೆಯ ಹುಡುಗಿ" ಎಂದು ನನ್ನ ಗಂಡನ ಕಾರು ಹತ್ತಿದೆ. ಇದು ಪರಗಂಡಸರೊಡನೆ ನಿಂತು ಮಾತಾಡುವ ಊರಲ್ಲ, ನಿಜ. ಆದರೆ ಅವರು, ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದು ನಿಂತಿದ್ದರು.