ಇಟ್ಟಿಗೆ ಪುಡಿಯಲ್ಲಿ ತಿಕ್ಕಿದ ರೈಫಲ್

...‘ಇಷ್ಟು ಸ್ವಚ್ಛವಾಗಿ ಇಟ್ಟುಕೊಂಡವರು ಏನನ್ನೋ ಮುಚ್ಚಿಡುತ್ತಿರುತ್ತಾರೆ’ ಎಂದರೋ, ‘ಅಳಿಸಿರುತ್ತಾರೆ’ ಎಂದರೋ, ನನಗೆ ಸರಿಯಾಗಿ ನೆನಪಿಲ್ಲ. ಹೇಳಿದವರು ನಿಮ್ಮ ಕಡೆಯವರು ಎಂಬುದಂತೂ ಖಚಿತ.

ಶಸ್ತ್ರ ಪರವಾನಗಿ ನೀಡುವ ಮಾನ್ಯ ಅಧಿಕಾರಿಗಳೇ, ರೈಫಲಿನ ಗುರುತಿನ ಸಂಖ್ಯೆಯನ್ನು ಅಳಿಸಿದ್ದಾರೆಂದು ಎಪ್ಪತ್ತೊಂಬತ್ತು ವರ್ಷದ ನನ್ನ ತಾಯಿ ಮುನಿನಾರಾಯಣಮ್ಮನಿಗೆ ನೋಟಿಸ್ ಕಳಿಸಿದ್ದೀರಿ. ಏಳು ದಿನದೊಳಗೆ ಉತ್ತರ ಬೇಕು, ಇಲ್ಲವಾದರೆ ಮೊಕದ್ದಮೆ ಎಂದಿದ್ದೀರಿ.

ಚಿಕ್ಕಜಾಲದ ಸೀಬೆ ತೋಟದ ಕಾವಲಿಗೆಂದು ಅಪ್ಪ ದಾಸಪ್ಪ ಕೊಂಡ ರೈಫಲ್ ಅದು. ಅವರು ತೀರಿಕೊಂಡ ಮೇಲೆ ಪರವಾನಗಿ ನನ್ನ ಹೆಸರಿಗೆ ಬಂತು. ನಾನು ಒಂದು ಗುಂಡನ್ನೂ ಹಾರಿಸಿಲ್ಲ. ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಅದಕ್ಕೆ ಉಳಿದಿದ್ದ ಕೆಲಸ ಒಂದೇ, ಕಾನೂನುಬದ್ಧವಾಗಿರುವುದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ಪಡೆದಿದ್ದೇನೆ. ನವೀಕರಣಕ್ಕೆ ಕರೆದಾಗಲೆಲ್ಲ ತಪಾಸಣೆಗೆ ಒಯ್ದಿದ್ದೇನೆ. ಅಪ್ಪನ ಕಾಲದಿಂದಲೂ, ತಪಾಸಣೆಯ ಹಿಂದಿನ ದಿನ ಅಮ್ಮ ಅದನ್ನು ಹಿತ್ತಾಳೆ ಬಿಂದಿಗೆಯಂತೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು. ನಲವತ್ತು ವರ್ಷಗಳ ಈ ವಿಧೇಯತೆಯಲ್ಲಿ ಐದು ಅಂಕಿಗಳ ಪೈಕಿ ಮೂರು ಸವೆದುಹೋದವು.

ಕಳೆದ ತಿಂಗಳ ತಪಾಸಣೆಯಲ್ಲಿ ಸಂಖ್ಯೆ ಕಾಣಲಿಲ್ಲವೆಂದು ಅಮ್ಮನನ್ನೂ ಠಾಣೆಗೆ ಕರೆಸಿ ಅಧಿಕಾರಿ ಕೇಳಿದರು: “ನಂಬರ್ ಯಾಕಜ್ಜಿ ಉಜ್ಜಿ ತೆಗೆದಿದ್ದು?”

“ತೆಗೀಲಿಲ್ಲ ಕಣಪ್ಪ, ನಾನೇ ತಿಕ್ಕಿ ತೊಳೆದೆ. ಸಾಯೇಬ್ರ ಮುಂದೆ ಇಂಗೆ ತುಕ್ಕು ಇಡಿದಿರೋದನ್ನ ಇಡಕ್ಕಾಯ್ತದಾ?”

“ಯಾರ್ ಹೇಳ್ಕೊಟ್ರು ಇದನ್ನ?”

“ನಮ್ಮತ್ತೆ. ಅವ್ರ್ನೂ ಕರೆಸ್ತೀಯಾ? ಮೇಲಿಂದ ಬರ್ಬೇಕು.”

ಪೇದೆಗಳು ನಕ್ಕರು. ಅಧಿಕಾರಿ ನಗಲಿಲ್ಲ. ‘ನಾನೇ ತಿಕ್ಕಿದ್ದು’ ಎಂಬಷ್ಟನ್ನು ಮಾತ್ರ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು, ರೈಫಲನ್ನು ಅಲ್ಲೇ ಇಟ್ಟುಕೊಂಡರು.

ಅನುಮಾನ ನಿಮಗೊಬ್ಬರಿಗೇ ಮೀಸಲೇ? ಐದು ವರ್ಷದ ಹಿಂದಿನ ತಪಾಸಣೆ ವರದಿಯಲ್ಲಿ ನಿಮ್ಮ ಅಧಿಕಾರಿಯೊಬ್ಬರು ಐದೂ ಅಂಕಿ ಬರೆದು, ‘ಸಂಖ್ಯೆ ಸ್ಪಷ್ಟವಾಗಿದೆ’ ಎಂದು ಸಹಿ ಹಾಕಿದ್ದಾರೆ. ಆಮೇಲೆ ಬೇಕೆಂದೇ ಅಳಿಸಲಾಗಿದೆ ಎಂಬ ನಿಮ್ಮ ವಾದ ನಿಂತಿರುವುದು ಆ ಒಂದು ಸಾಲಿನ ಮೇಲೆ. ದಶಕಗಳಿಂದ ಸವೆಯುತ್ತಿದ್ದ ಅಂಕಿಗಳು ಅವರೊಬ್ಬರಿಗೆ ಮಾತ್ರ ಹೊಳೆದು ಕಂಡವೇ? ಅವರು ಬರೆಯುವಾಗ ರೈಫಲ್ ನಾನು ಸುತ್ತಿ ತಂದ ಪಂಚೆಯೊಳಗೇ ಇತ್ತೆಂದು ನನ್ನ ನೆನಪು. ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ರೈಫಲ್ ಮನೆಯಲ್ಲಿರುವುದು ಅಮ್ಮನಿಗೆ ಎಂದೂ ಹಿಡಿಸಿರಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಇದನ್ನೂ ನೀವು ಸಾಕ್ಷ್ಯವಾಗಿ ಬಳಸಿಕೊಳ್ಳಬಹುದು. ಆದರೆ ಹಿಡಿಸದ ವಸ್ತುವನ್ನು ಅಷ್ಟು ವರ್ಷ ಆಕೆ ತಿಕ್ಕಿದ್ದು ಯಾರ ಮುಂದಿಡುವುದಕ್ಕೆ?

ರೈಫಲ್ ನಿಮ್ಮಲ್ಲೇ ಇರಲಿ, ನೋಟಿಸನ್ನು ಹಿಂಪಡೆಯಿರಿ. ಆಗದಿದ್ದರೆ, ಈಗ ನಿವೃತ್ತರಾಗಿರುವ ಆ ಅಧಿಕಾರಿಯನ್ನು ಕರೆಸಿ ಅಮ್ಮನ ಎದುರಿಗೆ ಕೂರಿಸಿ ವಿಚಾರಿಸಿ. ವಿದ್ಯಾರಣ್ಯಪುರದ ಅವರ ಮನೆಗೆ ನಾನು ಎರಡು ಸಲ ಹೋದೆ. ಮನೆಯಲ್ಲಿ ಇಲ್ಲವೆಂದರು. ಹಾಗಾಗಿ ಅವರನ್ನು ಇಲ್ಲಿಯೇ ಕೇಳುತ್ತಿದ್ದೇನೆ: ಸ್ವಾಮಿ, ಅಂದು ಆ ಐದು ಅಂಕಿಗಳನ್ನು ನೀವು ಓದಿ ಬರೆದದ್ದು ರೈಫಲಿನ ಮೇಲಿಂದಲೋ, ನನ್ನ ಪರವಾನಗಿ ಪುಸ್ತಕದಿಂದಲೋ?

ಇಂತಿ,
ಪರವಾನಗಿದಾರನೂ ಆರೋಪಿಯ ಮಗನೂ ಆದ
ಡಿ. ಬಾಲರಾಜ್